ಸೆಲ್ವಿಯನ್ನು ಹಿಂದೆ ಕೂರಿಸಿದವಳು

ಸೆಲ್ವಿಗೆ ಓದು ಕಲಿಸಿದವಳು ನಾನಲ್ಲ. ಕಲಿಸಿದವಳು ಜಯಶೀಲಾ. ನಾನು ಸೆಲ್ವಿಯನ್ನು ತರಗತಿಯ ಕೊನೆಯಲ್ಲಿ, ಬಾಗಿಲ ಪಕ್ಕ ಕೂರಿಸಿ ಮರೆತವಳು. ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನ ನಡೆದಾಗ ನಾನು ಇದನ್ನು ತಿರುಗಿಸಿ ಹೇಳಿದೆ — ಕಲಿಸಿದ್ದು ನಾನು, ಹಿಂದೆ ಕೂರಿಸಿದ್ದು ಇನ್ನೊಬ್ಬ ಶಿಕ್ಷಕಿ ಎಂದು. ಕೆಲಸ ನನಗೆ ಸಿಕ್ಕಿತು. ಆ ಇನ್ನೊಬ್ಬ ಶಿಕ್ಷಕಿ ಆ ಹೊತ್ತಿಗೆ ಬಾಗಿಲ ಹೊರಗೆ, ತನ್ನ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಳು.

ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀವು ಅದನ್ನು ಒಂದು ಗಳಿಗೆಯ ಬಾಯಿತಪ್ಪು ಎಂದುಕೊಳ್ಳಬಹುದು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅದು ಬಾಯಿತಪ್ಪಾಗಿರಲಿಲ್ಲ. ಹೇಗೆ ಆಯಿತೋ ಹಾಗೆ, ಒಂದೊಂದಾಗಿ ಹೇಳುತ್ತೇನೆ.

ಆಗ ನಾವಿಬ್ಬರೂ ಕೌದಳ್ಳಿಯಿಂದ ಆಚೆ, ಮಾದಪ್ಪನ ಬೆಟ್ಟದ ಕಡೆಗೆ ಒಳಗಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯರು. ಅತಿಥಿ ಎಂದರೆ ವರ್ಷದ ಕೊನೆಗೆ ಹೊರಗೆ. ಮುಂದಿನ ವರ್ಷ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಕಾಮಗೆರೆಯವಳು. ನಮ್ಮ ಮನೆಯಲ್ಲಿ ಜಮೀನಿತ್ತು, ಅಂಗಡಿಯಿತ್ತು. ನಾನು ದುಡಿಯದಿದ್ದರೂ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಜಯಶೀಲಾ ಯಳಂದೂರಿನ ಕಡೆಯವಳು. ಅವಳ ಅಪ್ಪ ಅಮ್ಮ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿ ಅವಳನ್ನು ಬಿ.ಎಡ್. ತನಕ ಓದಿಸಿದ್ದರು. ಹನೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಶಾಲೆಗೆ ಬರುತ್ತಿದ್ದಳು. ಸಂಜೆ ಬೆಟ್ಟದಿಂದ ಇಳಿದು ಬರುವ ಬಸ್ಸಿನಲ್ಲಿ, ಮಾದಪ್ಪನ ದರ್ಶನ ಮುಗಿಸಿ ಬರುವವರ ಗಂಟುಗಳ ನಡುವೆ, ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಿದ್ದೆವು. ಅವಳು ಹನೂರಿನಲ್ಲಿ ಇಳಿಯುತ್ತಿದ್ದಳು, ನಾನು ಮುಂದೆ ಹೋಗುತ್ತಿದ್ದೆ.

ಸೆಲ್ವಿ ನನ್ನ ನಾಲ್ಕನೇ ತರಗತಿಯ ಹುಡುಗಿ. ಅವಳ ಮನೆಯವರು ಗಡಿಯಾಚೆ ಎಲ್ಲೋ ಕೆಲಸಕ್ಕೆ ಹೋಗಿದ್ದವರು ಆ ವರ್ಷವಷ್ಟೇ ಊರಿಗೆ ಮರಳಿದ್ದರು. ಆ ಊರಿನಲ್ಲಿ ಅರ್ಧ ಮನೆಗಳ ಮಾತು ತಮಿಳೇ. ಆದರೆ ಮಕ್ಕಳಿಗೆ ಎರಡೂ ಬರುತ್ತಿತ್ತು, ಸೆಲ್ವಿಗೂ ಬಂದೀತು ಎಂದುಕೊಂಡೆ. ಎಬ್ಬಿಸಿ ನಿಲ್ಲಿಸಿ ಪಾಠ ಓದು ಎಂದರೆ ಅವಳು ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ತುಟಿ ಅಲುಗುತ್ತಿರಲಿಲ್ಲ. ಮತ್ತೆ ಕೇಳಿದೆ. ಜೋರಾಗಿ ಕೇಳಿದೆ. ಒಂದು ದಿನ ಎಲ್ಲ ಮಕ್ಕಳ ಮುಂದೆ ಹೇಳಿದೆ — "ನೀನು ಅಲ್ಲಿ ಬಾಗಿಲ ಹತ್ರ ಕೂತ್ಕೊ. ಗಲಾಟೆ ಮಾಡ್ದೆ ಇದ್ರೆ ಅಷ್ಟೇ ಸಾಕು."

ಅವಳು ಗಲಾಟೆ ಮಾಡಲಿಲ್ಲ. ನಾನು ಅವಳನ್ನು ಮತ್ತೆ ಓದಿಸಲೂ ಇಲ್ಲ.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮೇಲಿನ ಕಚೇರಿಯಿಂದ ಯಾರಾದರೂ ಶಾಲೆ ನೋಡಲು ಬರುವ ದಿನ, ಓದಲು ಬಾರದ ಮಕ್ಕಳನ್ನು ಬಿಸಿಯೂಟದ ಅಡುಗೆಮನೆಗೆ ಕಳಿಸುವುದು ನಮ್ಮಲ್ಲಿ ಒಂದು ರೂಢಿಯಾಗಿತ್ತು. ಅಕ್ಕಿ ಆರಿಸಿ, ಸೊಪ್ಪು ಬಿಡಿಸಿ, ತಟ್ಟೆ ಜೋಡಿಸಿ ಎಂದು ಏನೋ ಒಂದು ಕೆಲಸ. ಬಂದವರು ಯಾವ ಮಗುವನ್ನು ಎಬ್ಬಿಸಿ ಓದಿಸಿದರೂ ಓದುವ ಮಗುವೇ ಎದ್ದು ನಿಲ್ಲಬೇಕು, ಅದಕ್ಕೆ. ಯಾರೂ ಇದನ್ನು ತಪ್ಪು ಎಂದುಕೊಂಡಿರಲಿಲ್ಲ. ನಾನು ಸೆಲ್ವಿಯನ್ನು ಕಳಿಸಿದೆ. ಮೊದಲು ಅಂಥ ದಿನಗಳಲ್ಲಿ ಮಾತ್ರ. ಆಮೇಲೆ — ಆಮೇಲೆ ಸುಮ್ಮನೆ, ಯಾರೂ ಬರದ ದಿನಗಳಲ್ಲೂ.

ಅಲ್ಲಿ ಅವಳನ್ನು ಕಂಡವಳು ಜಯಶೀಲಾ. ಕುಡಿಯಲು ನೀರು ತರಲು ಅಡುಗೆಮನೆಗೆ ಹೋದವಳು, ನೀರನ್ನೂ ತರದೆ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು.

"ಶೈಲು, ಆ ಮಗ ದಡ್ಡಿ ಅಂದಿದ್ದಲ್ಲ ನೀನು? ಬಾ, ಬಂದು ನೋಡು. ಅಡ್ಗೆ ಅಮ್ಮನ್ಗೆ ತಮಿಳಲ್ಲಿ ಅದೇನೋ ಕತೆ ಯೋಳ್ತಾ ಕೂತದೆ. ಆಯಮ್ಮ ನಗಾಡಿ ನಗಾಡಿ ಸಾರಿಗೆ ಎರಡ್ ಸಲ ಉಪ್ಪಾಕ್ಬುಟ್ಟವ್ಳೆ. ಅದ್ಕೆ ಬುದ್ಧಿ ಇಲ್ದೆ ಅಲ್ಲ ಕಣಮ್ಮಿ, ಕನ್ನಡ ಇಲ್ಲ ಅಷ್ಟೇಯ."

ನಾನು ಹೋಗಿ ನೋಡಲಿಲ್ಲ. ಬೋರ್ಡಿನ ಮೇಲೆ ಅರ್ಧ ಬರೆದಿದ್ದೆ. ಅದನ್ನು ಪೂರ್ತಿ ಮಾಡಿದೆ.

ಮಾರನೆಯ ದಿನದಿಂದ ಊಟದ ನಂತರ, ಆಟದ ಹೊತ್ತಿನಲ್ಲಿ, ಜಯಶೀಲಾ ಹುಣಸೆಮರದ ಬುಡದಲ್ಲಿ ಸೆಲ್ವಿಯ ಎದುರು ಕೂರತೊಡಗಿದಳು. ಸೆಲ್ವಿಯೇ ಮೇಷ್ಟ್ರು, ಜಯಶೀಲಾ ಶಿಷ್ಯೆ. ಇದಕ್ಕೆ ನಿಮ್ಮಲ್ಲಿ ಏನಂತಾರೆ ಎಂದು ಇವಳು ಕೇಳಬೇಕು, ಅವಳು ತಮಿಳಿನಲ್ಲಿ ಹೇಳಬೇಕು, ಇವಳು ಆ ತಮಿಳು ಮಾತನ್ನು ಕನ್ನಡ ಅಕ್ಷರದಲ್ಲಿ, ಒಂದೊಂದನ್ನೂ ಬಾಯಲ್ಲಿ ಹೇಳುತ್ತ, ಸ್ಲೇಟಿನ ಮೇಲೆ ಬರೆಯಬೇಕು, ಅದು ಸರಿಯೋ ತಪ್ಪೋ ಅವಳು ಓದಿ ನೋಡಬೇಕು. ಹೀಗೆ ಆ ಹುಡುಗಿ ತನ್ನ ಮನೆಯ ಮಾತನ್ನೇ ಓದುತ್ತ ಓದುತ್ತ ನಮ್ಮ ಅಕ್ಷರ ಕಲಿತಳು. ಹಾಲಿಗೆ ಅವರು ಪಾಲ್ ಎನ್ನುತ್ತಾರೆ. ಜಯಶೀಲಾ ಪಲ್ ಎಂದು ಬರೆದಳಂತೆ. ಪಲ್ ಎಂದರೆ ಅವರಿಗೆ ಹಲ್ಲು. ಸೆಲ್ವಿ ಹೊಟ್ಟೆ ಹಿಡಿದುಕೊಂಡು ನಕ್ಕು, ಇವಳ ಕೈಯಿಂದ ಬಳಪ ಕಿತ್ತುಕೊಂಡು ದೀರ್ಘ ಹಾಕಿದಳಂತೆ. "ತಪ್ಪು ಮಿಸ್!" ಎಂದಳಂತೆ. ಶಾಲೆಯಲ್ಲಿ ಅವಳು ಆಡಿದ ಮೊದಲ ಕನ್ನಡ ಮಾತು ಅದು.

'ಅಂತೆ' ಎಂದು ಬರೆಯುತ್ತಿದ್ದೇನೆ. ಏಕೆಂದರೆ ನಾನು ಅಲ್ಲಿರಲಿಲ್ಲ. ಎಲ್ಲವನ್ನೂ ಬಸ್ಸಿನಲ್ಲಿ ಜಯಶೀಲಾಳ ಬಾಯಿಂದ ಕೇಳಿದ್ದು. ಕಿಟಕಿಯಿಂದ ಸ್ಟಾಫ್ ರೂಮಿಗೆ ಅವರ ನಗು ಕೇಳಿಸುತ್ತಿತ್ತು. ಅಷ್ಟು ಮಾತ್ರ ನನ್ನದು. ವರ್ಷದ ಕೊನೆಗೆ ಸೆಲ್ವಿ ನಿಂತು ಒಂದು ಪಾಠವನ್ನು ಪೂರ್ತಿ ಓದಿದಳು. ನನ್ನ ತರಗತಿಯಲ್ಲೇ. ನಾನು "ಗುಡ್" ಎಂದೆ.

ಆ ಬೇಸಿಗೆಯಲ್ಲೇ ಕೊಳ್ಳೇಗಾಲದ ಶಾಲೆಯ ವಿಷಯ ಬಂತು. ಖಾಸಗಿ ಶಾಲೆ, ಕಾಯಂ ಕೆಲಸ, ಒಂದೇ ಹುದ್ದೆ. ಒಂದೇ ಎಂದು ಗೊತ್ತಿದ್ದೂ ಇಬ್ಬರೂ ಅರ್ಜಿ ಹಾಕಿದೆವು. "ಯಾರ್ಗೆ ಸಿಕ್ಕಿದ್ರೂ ಇನ್ನೊಬ್ಳಿಗೆ ಮಸಾಲೆ ದೋಸೆ ಕೊಡಿಸ್ಬೇಕು ಕಣಮ್ಮಿ" ಎಂದಿದ್ದಳು ಅವಳು. ಸಂದರ್ಶನಕ್ಕೆ ಹೋಗುವವರೆಲ್ಲ ಮಾಡುವಂತೆ ನಾವೂ ಬಸ್ಸಿನಲ್ಲಿ ಕೂತು ಪ್ರಶ್ನೆ–ಉತ್ತರ ಅಭ್ಯಾಸ ಮಾಡಿದೆವು. ಒಬ್ಬಳು ಕೇಳುವುದು, ಒಬ್ಬಳು ಉತ್ತರಿಸುವುದು. ಅಲ್ಲಿ ಖಂಡಿತ ಕೇಳುತ್ತಾರೆ ಎಂದು ಎಲ್ಲರೂ ಹೇಳಿದ್ದ ಪ್ರಶ್ನೆ ಒಂದಿತ್ತು — ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ನೀವು ಹೇಗೆ ನೆರವಾಗುತ್ತೀರಿ?

ನನ್ನ ಉತ್ತರ ತಯಾರಿತ್ತು. ಪರಿಹಾರ ಬೋಧನೆ, ವೈಯಕ್ತಿಕ ಗಮನ, ಪೋಷಕರ ಸಹಕಾರ. ಒಂದೂ ತಡವರಿಸದೆ ಒಪ್ಪಿಸಿದೆ. ಅವಳು ಸೆಲ್ವಿಯ ಕತೆ ಹೇಳಿದಳು. ಹೇಳುವಾಗ ಎಲ್ಲೆಲ್ಲೋ ಹೋದಳು — ಅಡುಗೆ ಅಮ್ಮನ ಉಪ್ಪು, ಸೆಲ್ವಿಯ ಮನೆಯ ಆಡು, ತನಗೇ ನೆನಪಾಗಿ ನಗು. ನಾನು ತಡೆದೆ.

"ಹಂಗಲ್ಲ ಜಯಾ. ಸಂದರ್ಶನದಲ್ಲಿ ಹಿಂಗೆ ಹಳ್ಳಿ ಮಾತಲ್ಲಿ ಹೇಳಿದ್ರೆ ನಗ್ತಾರೆ. ಮೊದಲು ಮಗುವಿನ ಸಮಸ್ಯೆ ಹೇಳು. ಆಮೇಲೆ ನೀನು ಗುರುತಿಸಿದ್ದು. ಆಮೇಲೆ ವಿಧಾನ. ಕೊನೇಲಿ ಫಲಿತಾಂಶ."

"ನೀನೇ ಒಂದ್ಸಲ ಯೋಳಿ ತೋರ್ಸು" ಎಂದಳು.

ಹೇಳಿ ತೋರಿಸಿದೆ. ಅವಳಾಗಿ, ಅವಳ ಬದಲಿಗೆ, 'ನಾನು' ಎಂದು. ಹಾಲು ಹಲ್ಲಿನ ವಿಷಯ ಎಲ್ಲಿ ಬರಬೇಕೋ ಅಲ್ಲಿ ಇಟ್ಟೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ "ಚೆನ್ನಾಗಿ ಹೇಳ್ತೀರ ಮಿಸ್" ಎಂದರು. ಜಯಶೀಲಾಳ ಮುಖ ಅರಳಿತು. "ನೋಡು, ನನ್ ಕತೆ ನಿನ್ ಬಾಯಲ್ಲಿ ಎಷ್ಟ್ ಚಂದ ಆಯ್ತು!"

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ — ಆಮೇಲೆ ಎಷ್ಟೋ ಸಲ ನಾನು ನನಗೇ ಹೇಳಿಕೊಂಡಿದ್ದೇನೆ, ಆ ಕತೆಗೆ ರೂಪ ಕೊಟ್ಟವಳು ನಾನಲ್ಲವೇ, ಅರ್ಧ ನನ್ನದಲ್ಲವೇ ಎಂದು. ರೂಪ ಕೊಟ್ಟಿದ್ದು ನಿಜ. ಮಗು ಅವಳ ಮುಂದೆ ಕೂತಿತ್ತು, ನನ್ನ ಮುಂದೆ ಅಲ್ಲ — ಅದೂ ನಿಜ.

ಸಂದರ್ಶನದ ದಿನ ನಮ್ಮಿಬ್ಬರಲ್ಲಿ ನನ್ನನ್ನು ಮೊದಲು ಕರೆದರು. ಒಳಗೆ ಮೂವರಿದ್ದರು. ಮಾತಾಡಿದ್ದೆಲ್ಲ ಶಾಲೆಯ ಆಡಳಿತದ ಕಾರ್ಯದರ್ಶಿಗಳೊಬ್ಬರೇ. ರೇಷ್ಮೆ ವ್ಯಾಪಾರದ ಮನೆತನದವರು, ಮೃದು ದನಿಯ ಹಿರಿಯರು. ಆ ಪ್ರಶ್ನೆ ಬಂತು. ನಾನು ಪರಿಹಾರ ಬೋಧನೆ, ವೈಯಕ್ತಿಕ ಗಮನ ಎಂದು ಶುರುಮಾಡಿದೆ. ಅವರು ಕೈ ಎತ್ತಿದರು.

"ಇದು ಪುಸ್ತಕದಲ್ಲಿ ಇರೋದೇ ಅಮ್ಮ. ಬೆಳಗ್ಗೆಯಿಂದ ಇದನ್ನೇ ಕೇಳ್ತಾ ಇದ್ದೀವಿ. ನೀವು ಒಂದು ಮಗೂಗೆ, ನಿಮ್ಮ ಕೈಯಾರೆ ಮಾಡಿದ್ದನ್ನ ಹೇಳಿ."

ನಾನು ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಒಂದು ವರ್ಷ ನನ್ನ ಎದುರು ಕೂತಿದ್ದ ಮಕ್ಕಳ ಮುಖಗಳನ್ನು ಒಂದೊಂದಾಗಿ ನೆನೆದೆ — ಯಾರ ಪಕ್ಕದಲ್ಲಾದರೂ ನಾನು ಕೂತಿದ್ದೆನೇ ಎಂದು. ಒಬ್ಬರೂ ಸಿಗಲಿಲ್ಲ. ನನಗೆ ಆ ಕೋಣೆಯಲ್ಲಿ ಆದ ನಾಚಿಕೆ ಅದೇ. ಕೆಲಸ ಹೋದೀತು ಎಂಬ ಭಯ ಅದರ ಹಿಂದೆ ಬಂತು. ಆಗ ನನ್ನ ಬಾಯಿ ಹೇಳಿತು: "ಸೆಲ್ವಿ ಅಂತ ಒಬ್ಬಳು ಹುಡುಗಿ ಸರ್..."

ಬಸ್ಸಿನಲ್ಲಿ ಹೇಳಿದಂತೆಯೇ ಹೇಳಿದೆ. ಸಮಸ್ಯೆ, ಗುರುತಿಸಿದ್ದು, ವಿಧಾನ, ಫಲಿತಾಂಶ. ಬಾಗಿಲ ಪಕ್ಕ ಕೂತಿದ್ದ ಮಗು, ಅಡುಗೆಮನೆ, ಹಾಲು, ಹಲ್ಲು. ಮೂವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಲ್ಲಿಗೆ ನಿಂತಿದ್ದರೆ ಅದು ಬರಿಯ ಕಳ್ಳತನವಾಗುತ್ತಿತ್ತು. ಕಾರ್ಯದರ್ಶಿಗಳು ಕೇಳಿದರು — "ಪಾಪ, ಅಂಥ ಮಗೂನ ಬಾಗಿಲ ಹತ್ರ ಕೂರಿಸಿ, ಅಡುಗೆಮನೆಗೆ ಕಳಿಸಿದೋರು ಯಾರು?"

ನನಗೆ ಆಗ ಯೋಚಿಸಲು ಹೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅವರು ಪ್ರಶ್ನೆ ಕೇಳಿ, ಲೋಟದಿಂದ ನೀರು ಕುಡಿದು, ಲೋಟ ಕೆಳಗಿಟ್ಟರು. ಅಷ್ಟು ಹೊತ್ತು ನನಗಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಹಿಂದಿನವರು ಯಾರೋ ಎನ್ನಬಹುದಿತ್ತು. ನಾನು ಹೇಳಿದೆ:

"ನಮ್ಮ ಶಾಲೇಲಿ ಇನ್ನೊಬ್ಬರು ಟೀಚರ್ ಇದ್ದಾರೆ ಸರ್. ಅವರನ್ನ ದೂರಬಾರದು. ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲ."

ಹೆಸರು ಹೇಳಲಿಲ್ಲ. ಬಹಳ ಕಾಲ ಇದನ್ನೇ ಹಿಡಿದುಕೊಂಡಿದ್ದೆ — ಹೆಸರು ಹೇಳಲಿಲ್ಲವಲ್ಲ ಎಂದು. ಆದರೆ ಮೇಜಿನ ಮೇಲೆ ನಮ್ಮಿಬ್ಬರ ಅರ್ಜಿಯೂ ಇತ್ತು, ಎರಡರಲ್ಲೂ ಒಂದೇ ಶಾಲೆ. ಅದು ನನಗೆ ಗೊತ್ತಿತ್ತು. "ದೂರಬಾರದು" ಎಂದು ಸೇರಿಸಿದ್ದು ನಾನು ಒಳ್ಳೆಯವಳಂತೆ ಕಾಣಲಿ ಎಂದು.

ಹೊರಗೆ ಬಂದೆ. ಜಯಶೀಲಾ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಎಂಗಾಯ್ತಮ್ಮಿ? ಅದೇ ಕೇಳಿದ್ರಾ?"

"ಹೂಂ" ಎಂದೆ.

"ಸರಿ ಬುಡು, ಅದ್ನೇ ಯೋಳ್ತೀನಿ ನಾನೂ" ಎಂದು ನಗುತ್ತ ಒಳಗೆ ಹೋದಳು.

ಕರೆದು ನಿಲ್ಲಿಸಬಹುದಿತ್ತು. ಬಾಗಿಲು ಮುಚ್ಚುವವರೆಗೂ ಅವಳ ಬೆನ್ನು ನನಗೆ ಕಾಣುತ್ತಿತ್ತು.

ಅವಳು ಬೇಗ ಹೊರಗೆ ಬಂದಳು. ಏನಾಯಿತು ಎಂದು ಕೇಳಿದೆ — ನಾನು, ಕೇಳಿದೆ! "ಏನಿಲ್ಲ ಕಣೆ. ಮಾತೇ ಬರ್ನಿಲ್ಲ ನಂಗೆ" ಎಂದಳು. ನನ್ನ ಮುಖವನ್ನು ಒಮ್ಮೆ ನೋಡಿದಳು. ಯಳಂದೂರಿಗೆ, ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದು ಬಸ್ ನಿಲ್ದಾಣದ ಆಚೆ ಬದಿಗೆ ಹೋದಳು. ನಾನು ಅವಳ ಹಿಂದೆ ಹೋಗದೆ ಕಾಮಗೆರೆಯ ಬಸ್ಸು ಹತ್ತಿದೆ.

ಒಳಗೆ ಏನು ನಡೆಯಿತು ಎಂದು ನಾನು ಕೆಲಸಕ್ಕೆ ಸೇರಿದ ದಿನ ಕಾರ್ಯದರ್ಶಿಗಳೇ ಹೇಳಿದರು, ತಮಾಷೆಯಾಗಿ, ನನ್ನನ್ನು ಹೊಗಳುವುದಕ್ಕೆ. "ನಿಮ್ಮ ಹಿಂದೆ ಬಂದ ಹೆಣ್ಮಗಳು ನಿಮ್ಮ ಕತೇನೇ ಹೇಳೋಕೆ ಶುರುಮಾಡಿದ್ರು! ಪಾಪ, ನೆಟ್ಟಗೆ ಬಾಯಿಪಾಠಾನೂ ಮಾಡಿರಲಿಲ್ಲ — ಉಪ್ಪು ಅಂತೆ, ಆಡು ಅಂತೆ. ನಾನೇ ಕೇಳಿಬಿಟ್ಟೆ, ಆ ಮಗೂನ ಹಿಂದೆ ಕೂರಿಸಿದ್ದು ನೀವೇ ಅಲ್ವೇನಮ್ಮ ಅಂತ. ತಲೆ ತಗ್ಗಿಸಿದೋರು ಮೇಲೆ ಎತ್ತಲೇ ಇಲ್ಲ."

ನಾನು ಅವರ ಜೊತೆ ನಕ್ಕೆ.

ಅದಾದ ಮೇಲೆ ಜಯಶೀಲಾ ಕೆಲವು ವರ್ಷ ಅತಿಥಿ ಶಿಕ್ಷಕಿಯಾಗಿ ಇಲ್ಲಿ ಒಂದು, ಅಲ್ಲಿ ಒಂದು ಶಾಲೆಯಲ್ಲಿ ದುಡಿದಳು ಎಂದು ಕೇಳಿದೆ. ಆಮೇಲೆ ಅವಳನ್ನು ಯಾವ ಶಾಲೆಯೂ ಕರೆಯಲಿಲ್ಲ ಎಂದು ಕೇಳಿದೆ. ನಾನು ಫೋನ್ ಮಾಡಲಿಲ್ಲ. ನಾನು ಒಳ್ಳೆಯ ಶಿಕ್ಷಕಿಯಾದೆ ಎಂದೇ ಹೇಳಬೇಕು. ಹಿಂದೆ ಕೂತ ಮಗುವಿನ ಪಕ್ಕ ಹೋಗಿ ಕೂರುವುದನ್ನು ಕಲಿತೆ. ಅದನ್ನು ಕಲಿತದ್ದು ಯಾರಿಂದ ಎಂದು ಯಾರಿಗೂ ಹೇಳಲಿಲ್ಲ. ಸೆಲ್ವಿಯ ಕತೆಯನ್ನು ಪೋಷಕರ ಸಭೆಯಲ್ಲಿ ಹೇಳಿದೆ, ಹೊಸ ಶಿಕ್ಷಕರಿಗೆ ಹೇಳಿದೆ. ಹೇಳಿ ಹೇಳಿ ಹುಣಸೆಮರದ ನೆರಳು ಕೂಡ ನನ್ನ ಮೈಮೇಲೆ ಬಿದ್ದ ಹಾಗೆ ನೆನಪಾಗತೊಡಗಿತು. ಮುಖ್ಯ ಶಿಕ್ಷಕಿಯಾದೆ. ಈಗ ಅದೇ ಮೇಜಿನ ಹಿಂದೆ ಕೂತು ಅದೇ ಪ್ರಶ್ನೆಯನ್ನು ನಾನೇ ಕೇಳುತ್ತೇನೆ.

ಈ ವರ್ಷ ಹನೂರಿನಲ್ಲಿ ಕೆಲವರು ಸೇರಿ, ಶಿಕ್ಷಕ ಹುದ್ದೆಗೆ ಅರ್ಜಿ ಹಾಕಿರುವ ಹುಡುಗ ಹುಡುಗಿಯರಿಗಾಗಿ ಭಾನುವಾರದ ತರಬೇತಿ ಶುರುಮಾಡಿದರು. ಸಂದರ್ಶನದಲ್ಲಿ ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕು ಎಂದು ಹೇಳಿಕೊಡಲು ನನ್ನನ್ನು ಕರೆದರು. ಹೋದೆ. ಮಾದರಿ ಉತ್ತರ ಎಂದು ಸೆಲ್ವಿಯ ಕತೆ ಹೇಳಿದೆ. ಬರೆದುಕೊಂಡರು. ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಮಧ್ಯದ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಈ ವರ್ಷವಷ್ಟೇ ಒಂದು ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದವಳು ಎಂದು ಆಮೇಲೆ ಗೊತ್ತಾಯಿತು.

"ಮಿಸ್, ಹಿಂದೆ ಕೂರ್ಸಿದ್ರಲ್ಲ ಆ ಟೀಚರು... ಅವರ್ಗೆ ಯಾರೂ ಎಲ್ಪ್ ಮಾಡ್ನಿಲ್ವಾ?"

ಹಿಂದಿನಿಂದ ಒಬ್ಬ ಹುಡುಗ ಕೂಗಿದ. "ಲೇ, ಅವರ್ದೇನು ಕೇಳ್ತೀಯಮ್ಮಿ? ಸಂಬಳ ತಕಂಡು ಮಗೀನ ಅಡ್ಗೆ ಮನೇಗೆ ಅಟ್ಟಿದೋರು!"

ಎಲ್ಲರೂ ನಕ್ಕರು. ಆ ಹುಡುಗಿ ನಗಲಿಲ್ಲ. "ಅಲ್ಲ, ಅವರೂ ಒಸ್ದಾಗಿ ಬಂದಿದ್ರೇನೋ. ನಂಗೂ ಮೂರ್ನಾಕು ಮಕ್ಳು ಅಂಗೇ ಸುಮ್ಕೆ ಕೂತವೆ ಮಿಸ್. ಏನ್ ಮಾಡ್ಬೇಕು ಗೊತ್ತಾಗದೆ ನಾನೂ ಅತ್ಲಾಗೆ ನೋಡೋದೇ ಬುಟ್ಟಿದ್ದೀನಿ. ಅದ್ಕೇ ಕೇಳ್ದೆ — ಆ ಟೀಚರ್‌ದೂ ಒಂದು ಕಷ್ಟ ಇದ್ದಿದ್ರೆ, ಅವರ್ನ ಯಾರಾದ್ರೂ ಕೇಳಿದ್ರಾ ಅಂತ."

ಆ ಇನ್ನೊಬ್ಬ ಶಿಕ್ಷಕಿಯ ಬಗ್ಗೆ ಇಷ್ಟು ವರ್ಷದಲ್ಲಿ ಕನಿಕರ ಪಟ್ಟವರು ಅವಳೊಬ್ಬಳೇ. "ಹೊತ್ತಾಯಿತು" ಎಂದು ಹೇಳಿ ತರಗತಿ ಮುಗಿಸಿದೆ.

ಆ ವಾರವೇ ಯಳಂದೂರಿಗೆ ಹೋದೆ. ಜಯಶೀಲಾ ಬಸ್ ನಿಲ್ದಾಣದ ಬಳಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ ಎಂದು ಕೇಳಿದ್ದೆ. ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಒಬ್ಬ ಮುದುಕರ ಪಿಂಚಣಿ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದಳು.

"ಉಟ್ಟಿದ್ದು ಯಾವಾಗ ತಾತ?"

"ಯಾವಾಗ್ಲೋ ಉಟ್ದೆ ಕನವ್ವ. ನಾನೇನ್ ನೋಡ್ಕಂಡಿದ್ನಾ?"

ಅವಳು ನಕ್ಕು ತಲೆ ಎತ್ತಿದಳು. ನನ್ನನ್ನು ಕಂಡಳು. ನಗು ಅಲ್ಲೇ ಇತ್ತು, ಆದರೆ ನಿಂತುಹೋಯಿತು. "ಬಾಮ್ಮಿ, ಕೂತ್ಕೊ" ಎಂದು ಸ್ಟೂಲು ಎಳೆದಳು. ಮುದುಕರ ಕೆಲಸ ಮುಗಿಸಿ ಕಳಿಸಿದಳು. ನಾನು ಕೂರಲಿಲ್ಲ. ಇಲ್ಲಿ ಬರೆದದ್ದನ್ನೆಲ್ಲ, ಇದೇ ಕ್ರಮದಲ್ಲಿ, ನಿಂತುಕೊಂಡೇ ಹೇಳಿದೆ. ನಡುವೆ ಯಾರೋ ಆಧಾರ್ ಕಾಪಿಗೆ ಬಂದರು. ಅವಳು ತೆಗೆದುಕೊಟ್ಟು ಮತ್ತೆ ನನ್ನ ಕಡೆ ತಿರುಗಿದಳು.

"ಗೊತ್ತು ಕಣೆ" ಎಂದಳು. "ಆವತ್ತೇ ಗೊತ್ತಾಯ್ತು. ನೀವೇ ಅಲ್ವಾ ಕೂರ್ಸಿದ್ದು ಅಂದ್ರಲ್ಲ ಅವರು, ಆಗ್ಲೇಯ."

"ಯಾಕೆ ಹೇಳ್ಲಿಲ್ಲ ಜಯಾ? ಅವರಿಗೆ ಅಲ್ಲೇ ಹೇಳ್ಬಹುದಿತ್ತಲ್ಲ."

"ಏನಂತ ಯೋಳ್ಲಿ? ನೀನು ಯೋಳಿದ್ದು ಅಷ್ಟ್ ಚಂದ್ವಾಗಿತ್ತಂತೆ. ನಂದು ಕೇಳಿದ್ರೆ ನಂಗೇ ಕದ್ದಿದ್ದು ಅನ್ಸ್ತಿತ್ತು." ಆಧಾರ್ ಕಾಪಿಯ ಚಿಲ್ಲರೆಯನ್ನು ಡಬ್ಬಿಗೆ ಹಾಕಿದಳು. "ಕೆಲ್ಸದ್ ಮಾತು ಬುಡು. ಆಮೇಕೆ ಶಾಲೇಲಿ ಯಾವ್ದಾರ ಮಗ ಓದ್ದೆ ನಿಂತ್ಕಂಡ್ರೆ, ನಾನೇ ಏನೋ ಮಾಡ್ಬುಟ್ಟಿದ್ದೀನೇನೋ ಅನ್ನಂಗೆ ಆಗೋದು. ನಾನೇ ಕೂರ್ಸಿದ್ನಾ ಸೆಲ್ವೀನ ಅಂತ ಒಂದೊಂದ್ ಸಲ ಅನುಮಾನ ಬರೋದು ಕಣಮ್ಮಿ. ಅದು ಒಸಿ ದಿನ ಕಾಡ್ತು."

ನಾನು ಅಳಲು ಶುರುಮಾಡಿದೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಸೆಲ್ವಿ ಎಲ್ಲಿದ್ದಾಳೆ ಎಂದು ಕೇಳಿದೆ. ಸೇಲಂನಲ್ಲಿ ನರ್ಸ್ ಆಗಿದ್ದಾಳಂತೆ. ಹಬ್ಬಕ್ಕೆ ಫೋನ್ ಮಾಡುತ್ತಾಳಂತೆ. ನನ್ನ ವಿಷಯ ಏನಾದರೂ... ಎಂದು ಬಾಯಿಗೆ ಬಂತು.

"ನಿನ್ ವಿಷ್ಯ ಒಂದಿನಾನೂ ಎತ್ತಿಲ್ಲ" ಎಂದಳು.

ಹೊರಡುವಾಗ ಕ್ಷಮಿಸು ಎಂದೆ. ಅವಳು ಗಾಜಿನ ಮೇಲೆ ಕೂತಿದ್ದ ಧೂಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. "ನಂಗೆ ಯಾಕಮ್ಮಿ ಯೋಳ್ತೀಯ? ನಂಗೆ ಗೊತ್ತಿರದೇಯ ತಾನೆ. ಯಾರ್ಯಾರ್ಗೆ ಆ ಕತೆ ಯೋಳಿದ್ದೀಯೋ ಅವರ್ಗೆ ಯೋಳು, ಓಗು."

ಅವಳು ಕೋಪದಲ್ಲಿ ಹೇಳಲಿಲ್ಲ. ಮಗುವಿಗೆ ಮನೆಪಾಠ ಕೊಡುವ ಹಾಗೆ ಹೇಳಿದಳು.

ಕಾರ್ಯದರ್ಶಿಗಳಿಗೆ ಮೊದಲು ಹೇಳಿದೆ. ಅವರಿಗೀಗ ವಯಸ್ಸಾಗಿದೆ. "ಹಳೇದನ್ನ ಕೆದಕಬೇಡಿ ಮೇಡಂ. ಶಾಲೆ ಹೆಸರೂ ನೋಡ್ಬೇಕಲ್ಲ" ಎಂದರು. ಆಮೇಲೆ, ತಮ್ಮಷ್ಟಕ್ಕೆ ಎಂಬಂತೆ, "ಆ ಹೆಣ್ಮಗಳನ್ನ ನಾನು ಹಂಗೆ ಕೇಳಬಾರದಿತ್ತು" ಎಂದರು. ಮುಖ್ಯ ಶಿಕ್ಷಕಿಯ ಸ್ಥಾನದಿಂದ ಇಳಿಯಲು ಸಿದ್ಧಳಿದ್ದೇನೆ ಎಂದಿದ್ದೇನೆ. ಆಡಳಿತದವರು ಸೇರಿ ತೀರ್ಮಾನಿಸುತ್ತಾರಂತೆ. ಏನು ತೀರ್ಮಾನಿಸಿದರೂ ಅದು ಸರಿಯೇ. ಪೋಷಕರಿಗೂ, ನನ್ನ ಜೊತೆಯ ಶಿಕ್ಷಕರಿಗೂ ಹೇಳುವುದು ಇನ್ನೂ ಬಾಕಿ ಇದೆ. ಈ ಬರಹ ಅದರ ಒಂದು ಭಾಗ.

ಮೊನ್ನೆ ಭಾನುವಾರ ಮತ್ತೆ ಹನೂರಿಗೆ ಹೋದೆ. ಅವೇ ಮಕ್ಕಳು, ಅದೇ ಕೋಣೆ. ನಾನು ಹೇಳಿಕೊಟ್ಟ ಮಾದರಿ ಉತ್ತರವನ್ನು ಹೊಡೆದುಹಾಕಿ ಎಂದೆ. ಯಾಕೆ ಎಂದು ಹೇಳಿದೆ. ಸೆಲ್ವಿಯನ್ನು ಹಿಂದೆ ಕೂರಿಸಿದ ಟೀಚರ್ ನಾನು ಎಂದೆ. ಹಿಂದಿನ ಸಾಲಿನ ಹುಡುಗ ತಲೆ ಬಗ್ಗಿಸಿದ. ನಾನು ಅವನನ್ನು ಹೆಸರು ಹಿಡಿದು ಕರೆದು, ನೀನು ಆವತ್ತು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಎಂದೆ.

ಆ ಹುಡುಗಿ ಮಧ್ಯದ ಸಾಲಿನಲ್ಲೇ ಇದ್ದಳು. ಅವಳ ಪ್ರಶ್ನೆಗೆ ನಾನು ಉತ್ತರ ಕೊಡದೆ ಎದ್ದು ಹೋಗಿದ್ದೆ. ಆ ಟೀಚರಿಗೆ ಯಾರೂ ನೆರವಾಗಲಿಲ್ಲವೇ ಎಂದು ಕೇಳಿದ್ದಳು. ಇಲ್ಲ ಎಂದು ಹೇಳುವುದು ನನಗೆ ಎಷ್ಟು ಅನುಕೂಲವಾಗಿತ್ತು. ಹೊಸಬಳು, ಯಾರೂ ಹೇಳಿಕೊಡಲಿಲ್ಲ — ಅವಳಂತೂ ನಂಬುತ್ತಿದ್ದಳು.

ಆದರೆ ನಿಜ ಬೇರೆ ಇತ್ತು. ಸೆಲ್ವಿ ಅಡುಗೆಮನೆಯಲ್ಲಿ ಸಿಕ್ಕ ಮಾರನೆಯ ದಿನ, ಊಟವಾದ ಮೇಲೆ ಜಯಶೀಲಾ ಸ್ಲೇಟು ಹಿಡಿದುಕೊಂಡು ಸ್ಟಾಫ್ ರೂಮಿನ ಕಿಟಕಿಯ ಹೊರಗೆ ನಿಂತಿದ್ದಳು. "ನೀನೂ ಬಾರಮ್ಮಿ" ಎಂದಿದ್ದಳು. "ನಿನ್ ಕ್ಲಾಸಿನ್ ಮಗ ಅಲ್ವಾ? ಇಬ್ರೂ ಕೂತ್ಕಂಡು ಕಲೀಮ. ನಂಗೂ ಒಬ್ಳಿಗೇ ಭಯ ಆಯ್ತದೆ."

ಅದನ್ನೇ ಆ ಹುಡುಗಿಗೆ ಹೇಳಿದೆ. ಹೌದಮ್ಮ, ಒಬ್ಬರು ಆ ಟೀಚರ್‌ನ ಕೇಳಿದ್ದರು. ಕಿಟಕಿಯ ತನಕ ಬಂದು ಕರೆದಿದ್ದರು. ಅವರ ಹೆಸರು ಜಯಶೀಲಾ, ಯಳಂದೂರಿನವರು.

ನಾನು ಹೋಗಲಿಲ್ಲ.